ಶೇಕಡಾ ಕಾಲಂನಲ್ಲೇ ಟೈಪ್ ಮಾಡಿದರೆ ಮೊತ್ತ ಬದಲಾಗಬೇಕು: ಬಜೆಟ್ ಸಾಫ್ಟ್‌ವೇರ್‌ನಲ್ಲಿ ಆಗುತ್ತಾ?

ಸಿದ್ದಾಪುರ_ಆಫೀಸು

ಎಲ್ಲರಿಗೂ ನಮಸ್ಕಾರ. ಕೊಡಗಿನ ಸಿದ್ದಾಪುರ ಕಡೆಯ ಒಂದು ಕಾಫಿ ತೋಟದ ಆಫೀಸಿನಲ್ಲಿ ಲೆಕ್ಕ ನೋಡಿಕೊಳ್ಳುತ್ತೇನೆ. ಐದು ಡಿವಿಜನ್. ರೊಬಸ್ಟಾ ಜಾಸ್ತಿ, ಸ್ವಲ್ಪ ಅರೇಬಿಕಾ, ಮರಗಳ ಮೇಲೆ ಕಾಳುಮೆಣಸು. ಇಷ್ಟು ವರ್ಷ ಬಜೆಟ್ ಎಲ್ಲ ಎಕ್ಸೆಲ್‌ನಲ್ಲೇ ನಡೆಯುತ್ತಿತ್ತು. ಈ ಸಲ ಬೆಂಗಳೂರಿನ ಹೆಡ್ ಆಫೀಸಿನವರು ಪ್ಲಾನಿಂಗ್ ಸಾಫ್ಟ್‌ವೇರ್ ಹಾಕಿಸಿದ್ದಾರೆ.

ಫಾರ್ಮ್‌ನಲ್ಲಿ ಎರಡು ಕಾಲಂ ಇವೆ. ಒಂದು ಮೊತ್ತ, ಇನ್ನೊಂದು ಒಟ್ಟು ಖರ್ಚಿನಲ್ಲಿ ಅದು ಶೇಕಡಾ ಎಷ್ಟು ಅನ್ನುವುದು. ಮೊತ್ತ ಹಾಕಿದರೆ ಶೇಕಡಾ ತಾನಾಗಿ ಬರುತ್ತದೆ. ಆದರೆ ಶೇಕಡಾ ಸೆಲ್ ಬೂದು ಬಣ್ಣ, ಮುಟ್ಟಲು ಬಿಡುವುದಿಲ್ಲ.

ನಮ್ಮ ಮ್ಯಾನೇಜರ್ ಮಾತಾಡುವುದೇ ಶೇಕಡಾದಲ್ಲಿ. "ಕೊಯ್ಲಿನ ಕೂಲಿ ಮೂವತ್ತೈದಕ್ಕೆ ಹೋಗಿದೆ, ಮೂವತ್ತಕ್ಕೆ ತನ್ನಿ" ಅಂತಾರೆ. ಪ್ರತಿ ಸಲ ಕ್ಯಾಲ್ಕುಲೇಟರ್ ಹಿಡಿದು ಮೊತ್ತ ಕಂಡುಹಿಡಿದು ಹಾಕಬೇಕು. ಶೇಕಡಾ ಸೆಲ್‌ನಲ್ಲೇ 30 ಅಂತ ಹೊಡೆದರೆ ಮೊತ್ತ ಬದಲಾಗುವ ಹಾಗೆ ಮಾಡಿಸಬಹುದಾ? ಮೊತ್ತ ಬದಲಿಸಿದರೆ ಶೇಕಡಾನೂ ಬದಲಾಗಬೇಕು. ಎರಡೂ ಕಡೆಯಿಂದ ಕೆಲಸ ಮಾಡಬೇಕು.

ಕುಶಾಲನಗರದಿಂದ

ಎಕ್ಸೆಲ್‌ನಲ್ಲಿ ಗೋಲ್ ಸೀಕ್ ಇದೆಯಲ್ಲ? ಗುರಿ 30% ಅಂತ ಕೊಟ್ಟು, ಕೂಲಿಯ ಸೆಲ್ ತೋರಿಸಿದರೆ ಅದೇ ಮೊತ್ತ ಹುಡುಕಿ ಕೊಡುತ್ತದೆ. ಲೆಕ್ಕ ಅಲ್ಲಿ ಮಾಡಿ ಇಲ್ಲಿ ತಂದು ಹಾಕಿ.

ಸಿದ್ದಾಪುರ_ಆಫೀಸು

ಗೊತ್ತು ಅಣ್ಣ. ಆದರೆ ಅದು ಒಂದು ಸಲಕ್ಕೆ ಒಂದೇ ಸೆಲ್. ನನಗೆ ಐದು ಡಿವಿಜನ್, ಹನ್ನೆರಡು ತಿಂಗಳು, ಡಿವಿಜನ್‌ಗೆ ಇಪ್ಪತ್ತಕ್ಕೂ ಜಾಸ್ತಿ ಸಾಲು. ಮೀಟಿಂಗ್‌ನಲ್ಲಿ ಎಲ್ಲರೂ ಪರದೆ ನೋಡ್ತಾ ಕೂತಿರುವಾಗ ಗೋಲ್ ಸೀಕ್ ಮಾಡ್ತಾ ಕೂರಲಿಕ್ಕೆ ಆಗಲ್ಲ.

ವಿರಾಜಪೇಟೆ_ಮಾಡೆಲರ್

ಆಗುತ್ತದೆ. ಆದರೆ ಮೊದಲು ಒಂದು ತೀರ್ಮಾನ ಬೇಕು. ನೀವು 30 ಅಂತ ಹೊಡೆದಾಗ ಯಾವ ಅಂಕಿ ಅಲ್ಲಾಡಬಾರದು? ಇದನ್ನು ಹೇಳದೆ ಶೇಕಡಾ ಸೆಲ್ ತೆರೆದುಬಿಡಿ ಅಂತ ಸಾಫ್ಟ್‌ವೇರ್‌ನವರಿಗೆ ಹೇಳಿದರೆ ಅವರು ತೆರೆದುಕೊಡುತ್ತಾರೆ. ಆಮೇಲೆ ತಲೆನೋವು ನಿಮಗೆ.

ಸುಮ್ನೆ ಒಂದು ಲೆಕ್ಕ ಹಾಕೋಣ. ಒಂದು ಡಿವಿಜನ್‌ನ ಒಟ್ಟು ಖರ್ಚು 40 ಲಕ್ಷ, ಅದರಲ್ಲಿ ಕೊಯ್ಲಿನ ಕೂಲಿ 14 ಲಕ್ಷ ಅಂತ ಇಟ್ಟುಕೊಳ್ಳಿ. 35% ಆಯಿತು. ಈಗ 30 ಹೊಡೆದಿರಿ. ಸಾಫ್ಟ್‌ವೇರ್ 40 ಲಕ್ಷಕ್ಕೆ 30% ಹಿಡಿದು ಕೂಲಿಗೆ 12 ಲಕ್ಷ ಬರೆಯುತ್ತದೆ. ಆದರೆ ಒಟ್ಟು ಅನ್ನುವುದು ಎಲ್ಲ ಸಾಲುಗಳನ್ನು ಕೂಡಿದ್ದು ತಾನೇ? ಕೂಲಿ 2 ಲಕ್ಷ ಇಳಿದ ಕೂಡಲೇ ಒಟ್ಟು 38 ಲಕ್ಷಕ್ಕೆ ಬರುತ್ತದೆ. 12 ಭಾಗಿಸು 38, ಅಂದರೆ 31.58%. ನೀವು ಹೊಡೆದದ್ದು 30, ಎಂಟರ್ ಒತ್ತಿದ ಮೇಲೆ ಕಾಣುವುದು 31.58. ಮತ್ತೆ 30 ಹೊಡೆಯಿರಿ: ಕೂಲಿ 11.40 ಲಕ್ಷ, ಒಟ್ಟು 37.40, ಶೇಕಡಾ 30.48. ಹೀಗೆ ಹೊಡೀತಾ ಇದ್ದರೆ 30ರ ಹತ್ತಿರ ಹತ್ತಿರ ಬರುತ್ತದೆ, ಮ್ಯಾನೇಜರ್ ಮಾತ್ರ ಎದ್ದು ಹೋಗಿರುತ್ತಾರೆ.

ಈ 30%ಗೆ ಅರ್ಥ ಮೂರು. ಉಳಿದ ಖರ್ಚು 26 ಲಕ್ಷ ಹಾಗೇ ಇರಲಿ, ಕೂಲಿ ಮಾತ್ರ ಇಳಿಯಲಿ ಅನ್ನುವುದಾದರೆ ಉತ್ತರ 11,14,286 ರೂಪಾಯಿ, ಒಟ್ಟು 37,14,286. ಒಟ್ಟು 40 ಲಕ್ಷ ಕದಲಬಾರದು ಅನ್ನುವುದಾದರೆ ಕೂಲಿ 12 ಲಕ್ಷ, ಉಳಿತಾಯ ಆದ 2 ಲಕ್ಷವನ್ನು ಗೊಬ್ಬರ, ಕಪಾತು (ಕೊಂಬೆ ಸವರುವುದು), ಸ್ಪ್ರೇ, ಡೀಸೆಲ್ ಎಲ್ಲದಕ್ಕೂ ಹಂಚಬೇಕು. ಮೂರನೆಯದು, ಹೋದ ವರ್ಷದ ಒಟ್ಟಿನ ಮೇಲೆ ಶೇಕಡಾ ನೋಡುವುದು. ಆ ಒಟ್ಟು ಮುಗಿದ ಲೆಕ್ಕ, ಅಲ್ಲಾಡುವುದಿಲ್ಲ, ಹಾಗಾಗಿ ನೇರ ಗುಣಾಕಾರ. ನಿಮ್ಮ ಮ್ಯಾನೇಜರ್ ಮನಸ್ಸಿನಲ್ಲಿ ಇರುವುದು ಯಾವುದು ಅಂತ ಕೇಳಿ. ನನಗೇನೋ ಮೊದಲನೆಯದು ಅನ್ನಿಸುತ್ತದೆ. "ಕೂಲಿ ಇಳಿಸಿ" ಅನ್ನುವವರು "ಆ ದುಡ್ಡಿಗೆ ಗೊಬ್ಬರ ತನ್ನಿ" ಅಂತ ಹೇಳುವುದು ಕಡಿಮೆ.

ಈಗ ಸಾಫ್ಟ್‌ವೇರ್ ವಿಷಯ. ಎಸ್‌ಎಪಿ ಅನಾಲಿಟಿಕ್ಸ್ ಕ್ಲೌಡ್‌ನಲ್ಲಿ ಇದಕ್ಕೆ ಇನ್ವರ್ಸ್ ಫಾರ್ಮುಲಾ ಅಂತಾರೆ, ಹಳೆಯ ಎಸ್‌ಎಪಿ ಬಿಡಬ್ಲ್ಯೂ ಕ್ವೆರಿಗಳಲ್ಲೂ ಇದೆ. ಮಾಮೂಲಿ ಫಾರ್ಮುಲಾ ಪಕ್ಕದಲ್ಲೇ ಅದರ ಉಲ್ಟಾ ಲೆಕ್ಕವನ್ನೂ ನಾವೇ ಬರೆದು ಕೊಡಬೇಕು. ಸಾಫ್ಟ್‌ವೇರ್ ತಾನಾಗಿ ಊಹೆ ಮಾಡುವುದಿಲ್ಲ. ಮೊದಲನೇ ಅರ್ಥಕ್ಕೆ ಹೀಗಿರುತ್ತದೆ:

ಶೇಕಡಾ = ಕೂಲಿ ÷ (ಕೂಲಿ + ಉಳಿದ ಖರ್ಚು)
ಇನ್ವರ್ಸ್: ಕೂಲಿ := ಉಳಿದ ಖರ್ಚು × ಶೇಕಡಾ ÷ (1 − ಶೇಕಡಾ)

ಗಮನಿಸಿ, ಎರಡನೇ ಸಾಲಿನಲ್ಲಿ "ಒಟ್ಟು" ಅನ್ನುವ ಮಾತೇ ಇಲ್ಲ. ಅದನ್ನು ತಂದರೆ ಮೇಲಿನ 31.58ರ ಕಥೆ ಶುರು. ಯಾರಾದರೂ 100 ಹೊಡೆದರೆ ಸೊನ್ನೆಯಿಂದ ಭಾಗಿಸಿದ ಹಾಗಾಗುತ್ತದೆ, ಅದಕ್ಕೊಂದು ತಡೆ ಹಾಕಿಸಿ.

ಬೇರೆ ಸಾಫ್ಟ್‌ವೇರ್ ಆದರೆ ದಾರಿ ಬೇರೆ. ಅನಾಪ್ಲಾನ್‌ನಲ್ಲಿ ಫಾರ್ಮುಲಾ ಇರುವ ಸಾಲಿನಲ್ಲಿ ಟೈಪ್ ಮಾಡಲು ಬರುವುದಿಲ್ಲ. ಬ್ರೇಕ್‌ಬ್ಯಾಕ್ ಅಂತ ಒಂದಿದೆ, ಅದು ಒಟ್ಟು ಬದಲಿಸಿದರೆ ಕೆಳಗಿನ ಸಾಲುಗಳಿಗೆ ಹಂಚಲು. ಶೇಕಡಾಗೆ ಪ್ರತ್ಯೇಕ ಇನ್‌ಪುಟ್ ಸಾಲು ಇಟ್ಟು, "ಅಲ್ಲಿ ಅಂಕಿ ಇದ್ದರೆ ಅದನ್ನು ತಗೋ, ಇಲ್ಲದಿದ್ದರೆ ಲೆಕ್ಕದ್ದನ್ನು ತಗೋ" ಅಂತ ಬರೆಯಬೇಕು. ಐಬಿಎಂನ ಟಿಎಂ1ನಲ್ಲೂ ರೂಲ್ ಬರೆದ ಸೆಲ್ ಮುಚ್ಚಿಯೇ ಇರುತ್ತದೆ. ಒರಾಕಲ್ ಪ್ಲಾನಿಂಗ್‌ನಲ್ಲಿ ಡೈನಮಿಕ್ ಕ್ಯಾಲ್ಕ್ (ತೆರೆದಾಗಲೇ ಲೆಕ್ಕ ಆಗುವ ಸೆಲ್) ಅಂತ ಇಟ್ಟದ್ದಕ್ಕೂ ಅದೇ ಕಥೆ. ಅಲ್ಲಿ ಶೇಕಡಾವನ್ನು ಬೇರೆ ಅಕೌಂಟಾಗಿ ಇಟ್ಟು, ಸೇವ್ ಮಾಡಿದಾಗ ಒಂದು ರೂಲ್ ಓಡುವ ಹಾಗೆ ಮಾಡುತ್ತಾರೆ.

ಸಿದ್ದಾಪುರ_ಆಫೀಸು

ಬಹಳ ಉಪಕಾರ ಸಾರ್. ನಮ್ಮದು ಎಸ್‌ಎಪಿ ಅನಾಲಿಟಿಕ್ಸ್ ಕ್ಲೌಡ್. ಮ್ಯಾನೇಜರ್‌ನ ಕೇಳಿದೆ, ಮೊದಲನೇ ಅರ್ಥವೇ. ಆದರೆ ಗೊಬ್ಬರದ ಸಾಲಿಗೆ ಬಂದಾಗ "ಒಟ್ಟು ಇಷ್ಟೇ, ಅದರೊಳಗೆ ಮಾಡಿ" ಅಂದರು. ಅಲ್ಲಿ ಎರಡನೇ ಅರ್ಥ.

ವಿರಾಜಪೇಟೆ_ಮಾಡೆಲರ್

ಹಾಗಾದರೆ ಗೊಬ್ಬರಕ್ಕೆ ಇನ್ವರ್ಸ್ ಒಂದೇ ಸಾಲದು. ಉಳಿದ ಸಾಲುಗಳಿಗೆ ಹಂಚುವ ಕೆಲಸ ಬೇರೆ ಹೆಜ್ಜೆ. ಅದನ್ನು ಒಂದು ಬಟನ್‌ಗೆ ಕಟ್ಟಿಸಿ. ಒಂದೇ ಕಾಲಂನಲ್ಲಿ ಒಂದು ಸಾಲು ಒಂದು ಥರ, ಇನ್ನೊಂದು ಸಾಲು ಇನ್ನೊಂದು ಥರ ನಡೆದರೆ ನಿಮ್ಮ ನಂತರ ಬರುವವರು ಶಾಪ ಹಾಕುತ್ತಾರೆ.

ಗೋಣಿಕೊಪ್ಪ_ಕಾಸ್ಟಿಂಗ್

ಮಧ್ಯೆ ಬಾಯಿ ಹಾಕುತ್ತೇನೆ. ಇನ್ವರ್ಸ್ ಕೆಲಸ ಮಾಡುತ್ತದೆ, ಇಲ್ಲ ಅನ್ನುವುದಿಲ್ಲ. ನಾನಾಗಿದ್ದರೆ ಕೊಯ್ಲಿನ ಕೂಲಿಗೆ ಹಾಕುವುದಿಲ್ಲ.

ಯಾಕೆ ಅಂದರೆ, ಇನ್ವರ್ಸ್‌ನಲ್ಲಿ ನೀವು ಹೊಡೆದ 30 ಎಲ್ಲೂ ಉಳಿಯುವುದಿಲ್ಲ. ಅದು ರೂಪಾಯಿ ಆಗಿ ಸೇವ್ ಆಗುತ್ತದೆ, ಶೇಕಡಾ ಮತ್ತೆ ಲೆಕ್ಕದಿಂದ ಬರುತ್ತದೆ. ನಾಳೆ ಗೊಬ್ಬರದ ಬೆಲೆ ಏರಿಸಿ ನೋಡಿ. ಕೂಲಿ 11,14,286 ಹಾಗೇ ಇರುತ್ತದೆ, ಶೇಕಡಾ ಮಾತ್ರ 29 ಚಿಲ್ಲರೆಗೆ ಜಾರುತ್ತದೆ. "ಮೂವತ್ತು ಅಂತ ಒಪ್ಪಿದ್ದೆವಲ್ಲ, ಯಾರು ಬದಲಿಸಿದ್ದು?" ಅಂತ ಕೇಳುತ್ತಾರೆ. ಯಾರೂ ಬದಲಿಸಿಲ್ಲ!

ಈಗ ನಮ್ಮ ಬೆಳೆಯ ಲೆಕ್ಕ ನೋಡಿ. ಫೆಬ್ರವರಿ ಮಾರ್ಚ್‌ನಲ್ಲಿ ಹೂ ಮಳೆ (ಕಾಫಿ ಹೂ ಅರಳಿಸುವ ಮಳೆ) ಬರುತ್ತದೆ, ಅದರ ಮೇಲೆ ಒಂದು ಅಂದಾಜು. ಮಳೆಗಾಲ ಮುಗಿದ ಮೇಲೆ ಇನ್ನೊಂದು. ಕಾಫಿ ಮಂಡಳಿಯೂ ಹೀಗೇ ಹೂವಿನ ನಂತರ ಒಂದು, ಮಳೆಗಾಲದ ನಂತರ ಒಂದು ಅಂದಾಜು ಕೊಡುತ್ತದೆ. ಜುಲೈ ಆಗಸ್ಟ್‌ನಲ್ಲಿ ಮಳೆ ಜೋರಾಗಿ ಕಾಯಿ ಉದುರಿದರೆ ಎರಡನೇ ಅಂದಾಜು ಇಳಿಯುತ್ತದೆ. ಕೊಯ್ಲಿನ ಕೂಲಿ ಕೆಜಿ ಲೆಕ್ಕ ಆದ್ದರಿಂದ ಅದೂ ಜೊತೆಗೆ ಇಳಿಯಬೇಕು. ಕಳೆ ತೆಗೆಯುವುದು, ಮರ ಕಪಾತು, ಬೇಲಿ, ಇವು ಇಳಿಯುವುದಿಲ್ಲ. ಗಿಡದಲ್ಲಿ ಕಾಯಿ ಕಡಿಮೆ ಅಂತ ಕಳೆ ಕಡಿಮೆ ಬರುತ್ತದಾ?

ಹಾಗಾಗಿ ಕೊಯ್ಲಿಗೆ ಕೆಜಿ ದರವನ್ನು ಇಡಿ, ಕೆಜಿಯನ್ನು ಇಡಿ. ರೂಪಾಯಿ ಅದರಿಂದ ಬರಲಿ. ಶೇಕಡಾ ನೋಡಲು ಮಾತ್ರ. ಮ್ಯಾನೇಜರ್ ಮೂವತ್ತು ಮಾಡಿ ಅಂದರೆ ಕೇಳಬೇಕಾದ್ದು ಬೇರೆ. ದರ ಇಳಿಸಲಾ, ಇಲ್ಲ ಕೊಯ್ಲಿನ ಸುತ್ತು ಕಡಿಮೆ ಮಾಡಲಾ? ಎರಡೂ ಆಗಲ್ಲ ಅಂದರೆ ಶೇಕಡಾ ಸೆಲ್‌ನಲ್ಲಿ ಮೂವತ್ತು ಹೊಡೆದು ಏನು ಪ್ರಯೋಜನ? ಜನವರಿಯಲ್ಲಿ ಕೊಯ್ಲಿಗೆ ಆಳು ಸಿಗುವುದೇ ಕಷ್ಟ, ಸಾಫ್ಟ್‌ವೇರ್ ಹೇಳಿತು ಅಂತ ಯಾರೂ ಕಡಿಮೆ ದರಕ್ಕೆ ಬರುವುದಿಲ್ಲ.

ಇನ್ನೊಂದು. ಪಿಎಫ್, ಬೋನಸ್ ಸಾಲುಗಳ ಶೇಕಡಾ ಸೆಲ್ ಡಿವಿಜನ್‌ನವರಿಗೆ ತೆರೆದು ಕೊಡಲೇಬೇಡಿ. ಪಿಎಫ್‌ಗೆ ಮಾಲೀಕರ ಪಾಲು 12%. ಬೋನಸ್ ಕಾನೂನಿನ ಪ್ರಕಾರ ಕನಿಷ್ಠ 8.33%, ಗರಿಷ್ಠ 20%. ಇವನ್ನು ಹೆಡ್ ಆಫೀಸಿನ ಒಂದೇ ಜಾಗದಲ್ಲಿಟ್ಟು ಎಲ್ಲ ಡಿವಿಜನ್ ಅಲ್ಲಿಂದ ಓದಲಿ. ಬೋನಸ್‌ಗೆ ಈ ಎರಡು ಗಡಿಯ ಹೊರಗೆ ಹೊಡೆದರೆ ತಗೊಳ್ಳಬಾರದು. 8.33 ಅಂದರೆ ಹನ್ನೆರಡರಲ್ಲಿ ಒಂದು ಪಾಲು ಅಂತ ಕೆಲವರು ಫಾರ್ಮುಲಾದಲ್ಲಿ 1 ÷ 12 ಬರೆಯುತ್ತಾರೆ. 12 ಲಕ್ಷ ಕೂಲಿಗೆ ಒಂದರಲ್ಲಿ 99,960, ಇನ್ನೊಂದರಲ್ಲಿ 1,00,000. ನಲವತ್ತು ರೂಪಾಯಿ ದೊಡ್ಡದಲ್ಲ, ಆದರೆ ಎರಡು ರಿಪೋರ್ಟ್ ತಾಳೆ ಆಗದೆ ಅದನ್ನು ಹುಡುಕುತ್ತಾ ಸಂಜೆ ಆಗುತ್ತದೆ.

ವಿರಾಜಪೇಟೆ_ಮಾಡೆಲರ್

ಕೊಯ್ಲಿಗೆ ಅಕ್ಕ ಹೇಳಿದ್ದು ಸರಿ, ಒಪ್ಪಿದೆ. ಕೆಜಿಗೆ ಕಟ್ಟಿದ ಖರ್ಚಿಗೆಲ್ಲ ದರವೇ ಇರಲಿ. ಆದರೆ ಎಲ್ಲ ಸಾಲಿಗೂ ಹಾಗೆ ಅಂದರೆ ಒಪ್ಪುವುದಿಲ್ಲ. ರಸ್ತೆ ರಿಪೇರಿ, ಲೈನ್ ಮನೆ (ಕೂಲಿಯವರ ಮನೆ) ರಿಪೇರಿ, ಆಫೀಸ್ ಖರ್ಚು, ಇವಕ್ಕೆ ದರವೂ ಇಲ್ಲ, ಕೆಜಿಯೂ ಇಲ್ಲ. ಅಲ್ಲಿ ನಡೆಯುವುದು ಚೌಕಾಸಿ. "ಹೋದ ವರ್ಷಕ್ಕಿಂತ 8% ಜಾಸ್ತಿ ಕೊಡುತ್ತೇನೆ, ಮುಗಿಸಿ" ಅನ್ನುವ ಮಾತು. ಹೋದ ವರ್ಷ 12 ಲಕ್ಷ ಇದ್ದರೆ 8 ಹೊಡೆದ ಕೂಡಲೇ 12,96,000 ಬರಬೇಕು. ಅಡಿಪಾಯದ ಅಂಕಿ ಹೋದ ವರ್ಷದ್ದು, ಅಲ್ಲಾಡುವುದಿಲ್ಲ. ಇನ್ವರ್ಸ್ ಚೆನ್ನಾಗಿ ಒಗ್ಗುವುದು ಇಂಥ ಕಡೆ. ಆದರೆ ಹೋದ ವರ್ಷ ಸೊನ್ನೆ ಇದ್ದ ಸಾಲಿಗೆ ಎಷ್ಟು ಶೇಕಡಾ ಹೊಡೆದರೂ ಸೊನ್ನೆಯೇ. ಹೊಸ ಡ್ರೈಯರ್ ಹಾಕಿಸುವವರು ನೇರ ಮೊತ್ತವೇ ಹಾಕಬೇಕು.

ಮಾದಾಪುರ_ರಸ್ತೆ

ಹೋದ ವರ್ಷದ ಮೇಲೆ ಶೇಕಡಾ ಅನ್ನುವುದರಲ್ಲೂ ಹುಷಾರು. ನಮ್ಮ ಕಡೆಗೆ 2018ರ ಆಗಸ್ಟ್ ನೆನಪಿದೆಯಲ್ಲ, ಮಳೆ, ಭೂಕುಸಿತ. ಅಂಥ ವರ್ಷವನ್ನು ಅಡಿಪಾಯ ಮಾಡಿದರೆ ಮುಂದಿನ ವರ್ಷದ ಶೇಕಡಾಗಳಿಗೆ ಅರ್ಥವೇ ಇಲ್ಲ. ನೂರು ಮೂಟೆ ಬರುವ ಜಾಗದಲ್ಲಿ ಮೂವತ್ತು ಬಂದು, ಮರುವರ್ಷ ತೊಂಬತ್ತು ಬಂದರೆ ರಿಪೋರ್ಟ್‌ನಲ್ಲಿ 200% ಏರಿಕೆ! ತೋಟ ಇನ್ನೂ ಮೊದಲಿನ ಸ್ಥಿತಿಗೆ ಬಂದಿಲ್ಲ. ಯಾವ ವರ್ಷ ಅಡಿಪಾಯ ಅನ್ನುವುದನ್ನು ಆಯ್ಕೆ ಮಾಡುವ ಹಾಗೆ ಇಡಿ.

ಗೋಣಿಕೊಪ್ಪ_ಕಾಸ್ಟಿಂಗ್

ಬೆಲೆಯದ್ದೂ ಅದೇ. 2024ರಲ್ಲಿ ರೊಬಸ್ಟಾ ಬೆಲೆ ಏರಿದಾಗ ಎಲ್ಲರ ರಿಪೋರ್ಟ್‌ನಲ್ಲೂ ಆದಾಯದ ಮೇಲಿನ ಕೂಲಿ ಶೇಕಡಾ ಇಳಿಯಿತು. ಕೂಲಿ ಒಂದು ರೂಪಾಯಿಯೂ ಇಳಿದಿರಲಿಲ್ಲ. ಜೊತೆಗೆ ರೊಬಸ್ಟಾ ಕೊಯ್ಲು ಜನವರಿಯಿಂದ ಮಾರ್ಚ್, ಮಾರಾಟ ಎಷ್ಟೋ ಸಲ ಏಪ್ರಿಲ್ ದಾಟುತ್ತದೆ. ಖರ್ಚು ಒಂದು ಹಣಕಾಸು ವರ್ಷದಲ್ಲಿ, ಆದಾಯ ಇನ್ನೊಂದರಲ್ಲಿ. ಅದಕ್ಕೇ ನಾನು ಅಕ್ಟೋಬರ್‌ನಿಂದ ಸೆಪ್ಟೆಂಬರ್‌ವರೆಗಿನ ಕಾಫಿ ವರ್ಷದ ಮೇಲೆ ಇನ್ನೊಂದು ರಿಪೋರ್ಟ್ ಇಟ್ಟುಕೊಂಡಿದ್ದೇನೆ.

ಕಣದ_ಕಡೆಯವನು

ಶೇಕಡಾ ಅಂದ ಕೂಡಲೇ ನೆನಪಾಯಿತು. ನಮ್ಮಲ್ಲಿ ಸಾಫ್ಟ್‌ವೇರ್ ಹಾಕಿದವರು ಔಟ್‌ಟರ್ನ್ (ಓಟಿ, ಅಂದರೆ ಒಂದು ಮೂಟೆ ಒಣಗಿದ ಚೆರ್ರಿಯಿಂದ ಸಿಗುವ ಸಿಪ್ಪೆ ತೆಗೆದ ಬೀಜ, ಕ್ಲೀನ್ ಕಾಫಿ) ಅನ್ನು ಶೇಕಡಾ ಫೀಲ್ಡ್ ಮಾಡಿಟ್ಟಿದ್ದರು. ಓಟಿ 28 ಅಂತ ನಾವು ಹಾಕಿದರೆ ಅದು 28% ಅಂತ ಓದಿತು. 50 ಕೆಜಿ ಚೆರ್ರಿ ಮೂಟೆಗೆ 14 ಕೆಜಿ ಕ್ಲೀನ್ ಕಾಫಿ! ಓಟಿ 28 ಅಂದರೆ 50 ಕೆಜಿ ಮೂಟೆಯಲ್ಲಿ 28 ಕೆಜಿ, ಅಂದರೆ 56%. ವರ್ಷದ ಆದಾಯ ಅರ್ಧಕ್ಕೆ ಇಳಿದು ಮೀಟಿಂಗ್‌ನಲ್ಲಿ ಎಲ್ಲರ ಮುಖ ನೋಡಬೇಕಿತ್ತು.

ವಿರಾಜಪೇಟೆ_ಮಾಡೆಲರ್

ಹಹ್ಹ, ಇದು ಬರೀ ಓಟಿ ಕಥೆ ಅಲ್ಲ. ಶೇಕಡಾ ಫೀಲ್ಡ್ ಒಳಗೆ 0.28 ಅಂತ ಕೂರುತ್ತದಾ, 28 ಅಂತ ಕೂರುತ್ತದಾ ಅನ್ನುವುದು ಒಂದೊಂದು ಮಾಡೆಲ್‌ನಲ್ಲಿ ಒಂದೊಂದು ಥರ. ಇನ್ವರ್ಸ್ ಬರೆಯುವಾಗ 1 − ಶೇಕಡಾ ಅಂತ ಬರೆದಿದ್ದು, ಒಳಗೆ 30 ಕೂತಿದ್ದರೆ ಉತ್ತರ ಮೈನಸ್ ಬರುತ್ತದೆ. ಒಂದು ಸೆಲ್‌ನಲ್ಲಿ 10 ಹೊಡೆದು, ಅದೇ ಅಂಕಿ ರಿಪೋರ್ಟ್‌ನಲ್ಲಿ, ಎಕ್ಸೆಲ್‌ಗೆ ಇಳಿಸಿದಾಗ, ಎರಡೂ ಕಡೆ ಹೇಗೆ ಕಾಣುತ್ತದೆ ಅಂತ ಮೊದಲ ದಿನವೇ ನೋಡಿಬಿಡಿ. ಓಟಿಯನ್ನು ಮಾಮೂಲಿ ಸಂಖ್ಯೆ ಅಂತಲೇ ಇಡಿ, ಶೇಕಡಾ ಗುರುತೇ ಬೇಡ.

ಕುಶಾಲನಗರದಿಂದ

ಐದು ಡಿವಿಜನ್ ಶೇಕಡಾಗಳ ಸರಾಸರಿ ಮೇಲಿನ ಸಾಲಿನಲ್ಲಿ ಬಂದರೆ ಸಾಕಲ್ವಾ? ಅಲ್ಲೂ ಟೈಪ್ ಮಾಡಬಹುದಾ?

ಗೋಣಿಕೊಪ್ಪ_ಕಾಸ್ಟಿಂಗ್

ಸರಾಸರಿ ತೆಗೆಯಬೇಡಿ. ಓಟಿಯನ್ನೇ ನೋಡಿ. ಒಂದು ಬ್ಲಾಕ್‌ನಲ್ಲಿ 200 ಮೂಟೆ, ಓಟಿ 28. ಇನ್ನೊಂದರಲ್ಲಿ 50 ಮೂಟೆ, ಓಟಿ 24. ಸುಮ್ನೆ ಸರಾಸರಿ ಮಾಡಿದರೆ 26. ನಿಜವಾದದ್ದು 27.2. 250 ಮೂಟೆಗೆ 300 ಕೆಜಿ ಕ್ಲೀನ್ ಕಾಫಿ ವ್ಯತ್ಯಾಸ. ಮೊದಲು ಕೆಜಿ ಕೂಡಿಸಬೇಕು, ಆಮೇಲೆ ಭಾಗಿಸಬೇಕು. ಮೇಲಿನ ಸಾಲಿನಲ್ಲೂ ಅದೇ ಫಾರ್ಮುಲಾ ಮತ್ತೆ ಓಡಬೇಕು, ಕೆಳಗಿನ ಶೇಕಡಾಗಳು ಕೂಡಿ ಮೇಲೆ ಹೋಗಬಾರದು.

ಮೇಲೆ ಟೈಪ್ ಮಾಡುವುದು ಆಗುತ್ತದೆ, ಆದರೆ ಅದು ಕೆಳಗೆ ಈಗಿರುವ ಅಂಕಿಗಳ ಪ್ರಮಾಣದಲ್ಲಿ ಹಂಚಿಹೋಗುತ್ತದೆ. ಯಾವ ಡಿವಿಜನ್ ಇನ್ನೂ ಬಜೆಟ್ ಹಾಕಿಲ್ಲವೋ ಅದಕ್ಕೆ ಏನೂ ಬರುವುದಿಲ್ಲ, ಬೇಗ ಹಾಕಿದವರ ತಲೆಗೆ ಎಲ್ಲ ಬೀಳುತ್ತದೆ. ಎಲ್ಲರೂ ಹಾಕಿ ಮುಗಿಯುವವರೆಗೆ ಮೇಲಿನ ಸಾಲು ಮುಚ್ಚಿಡಿಸಿ.

ಕಣದ_ಕಡೆಯವನು

ಎಕ್ಸೆಲ್‌ನಿಂದ ಎರಡೂ ಕಾಲಂ ಒಟ್ಟಿಗೆ ಕಾಪಿ ಪೇಸ್ಟ್ ಮಾಡಿದರೆ ಏನಾಗುತ್ತದೆ? ನಮ್ಮ ಹುಡುಗರು ಮಾಡುವುದೇ ಹಾಗೆ. ಮಳೆಗಾಲದಲ್ಲಿ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಮಾಡಿಟ್ಟುಕೊಂಡು, ಸಿಕ್ಕಾಗ ಒಂದೇ ಸಲಕ್ಕೆ ಅಂಟಿಸುತ್ತಾರೆ.

ವಿರಾಜಪೇಟೆ_ಮಾಡೆಲರ್

ಮೊತ್ತದ ಕಾಲಂ ಮಾತ್ರ ಪೇಸ್ಟ್ ಮಾಡಲು ಹೇಳಿ. ಎರಡೂ ಹಾಕಿದರೆ ಮೊತ್ತವೂ ಹೊಸದು, ಶೇಕಡಾನೂ ಹೊಸದು, ಯಾವುದು ಗೆಲ್ಲುತ್ತದೆ ಅಂತ ಬಳಸುವವರಿಗೆ ಗೊತ್ತಾಗುವುದಿಲ್ಲ. ಅಲ್ಲದೆ ಪರದೆಯಲ್ಲಿ ಕಾಣುವ ಶೇಕಡಾ ಪೂರ್ತಿ ಅಂಕಿ ಅಲ್ಲ. 38 ಲಕ್ಷದಲ್ಲಿ 12 ಲಕ್ಷ ಅಂದರೆ 31.5789 ಚಿಲ್ಲರೆ, ಕಾಣುವುದು 31.6. ಆ 31.6 ಅನ್ನು ಒಟ್ಟು ಗಟ್ಟಿಯಾಗಿರುವ ಫಾರ್ಮ್‌ನಲ್ಲಿ ಮತ್ತೆ ಹಾಕಿದರೆ ಮೊತ್ತ 12,00,800 ಆಗುತ್ತದೆ. ಯಾರೂ ಏನೂ ಬದಲಿಸದೆ ಎಂಟುನೂರು ರೂಪಾಯಿ ಹುಟ್ಟಿತು. ಹತ್ತಾರು ಸಾಲು, ಐದು ಡಿವಿಜನ್ ಸೇರಿದರೆ ಆಡಿಟ್‌ನವರು ಬಿಡುತ್ತಾರಾ?

ಸಿದ್ದಾಪುರ_ಆಫೀಸು

ಹುತ್ತರಿ ರಜೆ ಮುಗಿಸಿ ಬಂದೆ, ಉತ್ತರ ತಡವಾಯಿತು. ಎಲ್ಲರ ಮಾತು ಓದಿ ಹೆಡ್ ಆಫೀಸಿನ ಜೊತೆ ಕೂತು ಹೀಗೆ ಮಾಡಿಸಿದ್ದೇವೆ. ಕೊಯ್ಲು, ಪಲ್ಪಿಂಗ್ (ಹಣ್ಣಿನ ಸಿಪ್ಪೆ ತೆಗೆಯುವುದು), ಒಣಗಿಸುವುದು, ಸಾಗಾಟ, ಇವೆಲ್ಲ ದರ ಮತ್ತು ಕೆಜಿ ಮೇಲೆ. ಅಲ್ಲಿ ಶೇಕಡಾ ಬೂದು ಬಣ್ಣದಲ್ಲೇ ಇದೆ. ರಿಪೇರಿ, ಆಫೀಸು, ವಾಹನ, ಇವಕ್ಕೆ ಹೋದ ವರ್ಷದ ಮೇಲಿನ ಶೇಕಡಾ ತೆರೆದಿದೆ, ಇನ್ವರ್ಸ್ ಹಾಕಿದೆ. ಅಡಿಪಾಯದ ವರ್ಷ ಆಯ್ಕೆ ಮಾಡಬಹುದು. ಗೊಬ್ಬರಕ್ಕೆ ಬಟನ್. ಪಿಎಫ್, ಬೋನಸ್ ಹೆಡ್ ಆಫೀಸಿನಲ್ಲಿ ಮಾತ್ರ.

ಮ್ಯಾನೇಜರ್ ಮೊದಲು ಗೊಣಗಿದರು, ಕೊಯ್ಲಿನ ಶೇಕಡಾ ಯಾಕೆ ತೆರೆದಿಲ್ಲ ಅಂತ. ಕೆಜಿ ದರ ಬದಲಿಸಿ ತೋರಿಸಿದೆ. ಮೂವತ್ತು ಬರಬೇಕಾದರೆ ದರ ಎಲ್ಲಿಗೆ ಇಳಿಯಬೇಕು ಅಂತ ನೋಡಿ ಸುಮ್ಮನಾದರು.

ಒಂದು ಸಂದೇಹ ಉಳಿದಿದೆ. ಜನವರಿಯಲ್ಲಿ ಬಜೆಟ್ ಮರುಪರಿಶೀಲನೆ ಇದೆ. ಆಗ ವರ್ಷದ ಒಟ್ಟಿನ ಮೇಲೆ ಶೇಕಡಾ ಹೊಡೆದರೆ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಮುಗಿದ ತಿಂಗಳುಗಳಿಗೂ ಹೋಗುತ್ತದಾ?

ಗೋಣಿಕೊಪ್ಪ_ಕಾಸ್ಟಿಂಗ್

ಲಾಕ್ ಮಾಡದಿದ್ದರೆ ಖಂಡಿತ ಹೋಗುತ್ತದೆ. ವರ್ಷಕ್ಕೆ 12 ಲಕ್ಷ ಇದೆ, ಡಿಸೆಂಬರ್‌ವರೆಗೆ 4 ಲಕ್ಷ ಖರ್ಚಾಗಿದೆ ಅಂತಿಟ್ಟುಕೊಳ್ಳಿ. ವರ್ಷದ ಸೆಲ್‌ನಲ್ಲಿ 6% ಏರಿಸಿದರೆ 72,000 ಸೇರಬೇಕು. ಪ್ರಮಾಣದ ಮೇಲೆ ಹಂಚಿದರೆ ಅದರಲ್ಲಿ 24,000 ಮುಗಿದ ತಿಂಗಳುಗಳಿಗೆ ಹೋಗುತ್ತದೆ. ಚೆಕ್‌ರೋಲ್‌ನಲ್ಲಿ (ಕೂಲಿ ಹಾಜರಿ ಪುಸ್ತಕದಲ್ಲಿ) ಒಂದು ಅಂಕಿ, ರಿಪೋರ್ಟ್‌ನಲ್ಲಿ ಇನ್ನೊಂದು. ಲಾಕ್ ಮಾಡಿದ್ದರೆ ಪೂರ್ತಿ 72,000 ಜನವರಿಯಿಂದ ಮಾರ್ಚ್‌ಗೆ ಬೀಳುತ್ತದೆ. ಉಳಿದ 8 ಲಕ್ಷದ ಮೇಲೆ ಅದು 9%. ಮ್ಯಾನೇಜರ್‌ಗೆ ಆರು ಅಂತ ಹೇಳಿದ್ದು ತಿಂಗಳ ರಿಪೋರ್ಟ್‌ನಲ್ಲಿ ಒಂಬತ್ತು ಅಂತ ಕಾಣುತ್ತದೆ, ಮೊದಲೇ ಹೇಳಿಡಿ.

ವಿರಾಜಪೇಟೆ_ಮಾಡೆಲರ್

ಲಾಕ್ ಅನ್ನು ತಿಂಗಳು ಮುಚ್ಚುವ ಕೆಲಸದ ಜೊತೆಗೇ ಸೇರಿಸಿಬಿಡಿ. ಆಕ್ಚುಯಲ್ (ನಿಜವಾಗಿ ಆದ ಖರ್ಚು) ಲೋಡ್ ಆದ ಕೂಡಲೇ ಆ ತಿಂಗಳು ತಾನಾಗಿ ಮುಚ್ಚಲಿ. ಕೈಯಿಂದ ಮಾಡುತ್ತೇವೆ ಅಂದರೆ ಕೊಯ್ಲಿನ ಗಡಿಬಿಡಿಯಲ್ಲಿ ಯಾರಿಗೂ ನೆನಪಿರುವುದಿಲ್ಲ. ಮತ್ತೆ, ಮರುಪರಿಶೀಲನೆಗೆ ಮೊದಲು ಈಗಿನ ಬಜೆಟ್‌ನ ಒಂದು ವರ್ಷನ್ ಕಾಪಿ ತೆಗೆದಿಡಿ.

ಸಿದ್ದಾಪುರ_ಆಫೀಸು

ಆಯಿತು ಸಾರ್, ಆಯಿತು ಅಕ್ಕ. ನಾಳೆಯೇ ಲಾಕ್ ಕೇಳಿ ಹೆಡ್ ಆಫೀಸಿಗೆ ಮೇಲ್ ಹಾಕುತ್ತೇನೆ.

ಮಾದಾಪುರ_ರಸ್ತೆ

ಮೇಲ್‌ನಲ್ಲಿ ಕಾಳುಮೆಣಸನ್ನೂ ಸೇರಿಸಿ. ಹಸಿ ಮೆಣಸು ನೂರು ಕೆಜಿಗೆ ಒಣಗಿದ್ದು ಸುಮಾರು ಮೂವತ್ತಮೂರು ಕೆಜಿ. ಅದು ನಿಜವಾಗಿಯೂ ಶೇಕಡಾ. ಓಟಿ ಥರ ಮಾಡಿಸಲು ಹೋಗಿ ಅದನ್ನೂ ಕೆಡಿಸಬೇಡಿ.